ಸಂಕೇತ ಹುಡುಕುವ ಮೊದಲು ಶಾಟ್ ಎಣಿಸಲಿ

ಸಂಪಾದಕರಿಗೆ,

ಮಾನ್ಯರೇ,

ಕಾಲೇಜುಗಳಲ್ಲಿ ಅಸೈನ್‌ಮೆಂಟ್ ಒಪ್ಪಿಸುವ ಗಡುವು ಹತ್ತಿರವಾದಾಗಲೆಲ್ಲ ಒಂದೇ ಅಚ್ಚಿನ ಸಿನಿಮಾ ವಿಶ್ಲೇಷಣೆಗಳು ಬಂದು ಬೀಳುತ್ತವೆ. ಮೊದಲೆರಡು ಪುಟ ಕಥಾಸಾರ. ಆಮೇಲೆ ‘ಸಂಕೇತಗಳು’ ಎಂಬ ತಲೆಬರಹ: ಮಳೆ ಎಂದರೆ ದುಃಖ, ಕೆಂಪು ಎಂದರೆ ಸಿಟ್ಟು, ಕನ್ನಡಿ ಎಂದರೆ ಒಡೆದ ಮನಸ್ಸು. ಕೊನೆಗೆ ‘ಛಾಯಾಗ್ರಹಣ ಅದ್ಭುತವಾಗಿದೆ’ ಎಂಬ ಒಂದು ಸಾಲು. ಕಪ್ಪು-ಬಿಳುಪು ಚಿತ್ರದಲ್ಲಿ ಹಸಿರು ಸೀರೆಯ ಅರ್ಥ ಹೇಳಿದ ಉತ್ತರಗಳೂ ಇಲ್ಲದಿಲ್ಲ. ಇದರಲ್ಲಿ ಮಕ್ಕಳ ತಪ್ಪಿಗಿಂತ ಪ್ರಶ್ನೆಯ ತಪ್ಪೇ ಹೆಚ್ಚು. ಎರಡು ಗಂಟೆಯ ಚಿತ್ರವನ್ನು ಕೈಗಿಟ್ಟು ‘ವಿಶ್ಲೇಷಿಸಿ’ ಎಂದರೆ ಯಾರಾದರೂ ಕಥೆಯನ್ನೇ ಬರೆದಾರು.

ನಮ್ಮ ಕರಾವಳಿಯ ಹುಡುಗ ಹುಡುಗಿಯರು ಸಂಕೇತಗಳಿಗೆ ನಿಘಂಟು ಹುಡುಕುವುದಕ್ಕೆ ಇನ್ನೊಂದು ಕಾರಣವೂ ಇರಬಹುದು. ಯಕ್ಷಗಾನದಲ್ಲಿ ಬಣ್ಣದ ವೇಷ ತೆರೆಯ ಹಿಂದೆ ಬಂದು ನಿಂತು, ಮುಖದ ಮೇಲಿನ ಚುಟ್ಟಿ (ಹಿಟ್ಟಿನಿಂದ ಇಡುವ ಉಬ್ಬು ಚಿತ್ತಾರ) ಕಂಡರೆ ಸಾಕು, ಬಂದವನು ರಕ್ಕಸನೆಂದು ಚಾಪೆ ಮೇಲೆ ಕೂತ ಮಗುವಿಗೂ ಗೊತ್ತು. ಆಟ ಕಟ್ಟುವವರಿಗೂ ನೋಡುವವರಿಗೂ ಆ ಅರ್ಥದ ಬಗ್ಗೆ ಮೊದಲೇ ಒಪ್ಪಂದವಿದೆ. ಸಿನಿಮಾಕ್ಕೆ ಅಂಥ ಒಪ್ಪಂದವಿಲ್ಲ. ಪ್ರತಿ ಚಿತ್ರವೂ ತನ್ನ ಸಂಕೇತವನ್ನು ನಮ್ಮ ಕಣ್ಣೆದುರೇ ಕಟ್ಟಿಕೊಳ್ಳಬೇಕು.

ಶಿವರಾಮ ಕಾರಂತರ ಕಾದಂಬರಿಯನ್ನು ಆಧರಿಸಿ ಬಿ.ವಿ. ಕಾರಂತರು 1975ರಲ್ಲಿ ತೆರೆಗೆ ತಂದ ‘ಚೋಮನ ದುಡಿ’ಯನ್ನೇ ತೆಗೆದುಕೊಳ್ಳಿ. ದುಡಿ ಎಂದರೆ ಚೋಮ ಬಾರಿಸುವ ಚರ್ಮವಾದ್ಯ. ‘ದುಡಿ ಶೋಷಣೆಯ ಸಂಕೇತ’ ಎಂದು ಬರೆದವರನ್ನು ಕೇಳಬೇಕಾದದ್ದು ಇಷ್ಟೇ: ಎಷ್ಟನೇ ನಿಮಿಷದಲ್ಲಿ? ಚೋಮನಿಗೆ ಎತ್ತುಗಳಿವೆ, ಉಳಲು ತನ್ನದೆನ್ನುವ ನೆಲವಿಲ್ಲ. ನೇಗಿಲು ಹಿಡಿಯಬೇಕಾದ ಕೈಗೆ ಸಿಗುವುದು ದುಡಿ. ಅದು ಕೇಳಿಸುವ ಪ್ರತಿ ಸಲವೂ ನಾಲ್ಕು ಸಂಗತಿ ಬರೆದುಕೊಳ್ಳಬೇಕು. ಅದಕ್ಕೆ ಮುಂಚೆ ಏನಾಯಿತು. ಬಾರಿಸುವ ಕೈ ಕಾಣುತ್ತದೋ, ಸದ್ದು ಮಾತ್ರ ಬರುತ್ತದೋ. ಬಡಿತದ ವೇಗವೆಷ್ಟು (10 ಸೆಕೆಂಡಿಗೆ ಎಷ್ಟು ಪೆಟ್ಟು ಎಂದು ಎಣಿಸಿದರಾಯಿತು). ಚಿತ್ರದೊಳಗೆ ಅದನ್ನು ಕೇಳಿಸಿಕೊಳ್ಳುವವರು ಯಾರು. ಈ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದಾಗ ಎಲ್ಲಿ ವ್ಯತ್ಯಾಸ ಕಾಣುತ್ತದೋ ಅಲ್ಲಿ ಸಂಕೇತ ಹುಟ್ಟುತ್ತದೆ. ಒಂದು ವಸ್ತು ಒಮ್ಮೆ ಕಂಡರೆ ಅದು ಬರೀ ಸಾಮಾನು. ಎರಡನೇ ಸಲ ಕಂಡರೆ ನೆನಪು. ಮೂರನೇ ಸಲ ಬೇರೆ ರೀತಿಯಲ್ಲಿ ಬಂದರೆ ಆಗ ಬೇಕಾದರೆ ಸಂಕೇತದ ಮಾತೆತ್ತಲಿ.

ಕೆಲಸದ ಕ್ರಮ ಸರಳ, ಆದರೆ ಬೇಸರ ತರಿಸುವಂಥದ್ದು. ಮೊದಲ ಸಲ ಪೆನ್ನು ಮುಟ್ಟದೆ ಇಡೀ ಚಿತ್ರ ನೋಡಬೇಕು. ಆಮೇಲೆ ಮೂರರಿಂದ ಐದು ನಿಮಿಷದ ಒಂದೇ ದೃಶ್ಯ ಆರಿಸಿಕೊಂಡು, ಕಟ್ ಬಿದ್ದಲ್ಲೆಲ್ಲ ನಿಲ್ಲಿಸುತ್ತಾ ಪಟ್ಟಿ ಮಾಡಬೇಕು: ಶಾಟ್ (ಒಂದು ಕಟ್‌ನಿಂದ ಮುಂದಿನ ಕಟ್‌ವರೆಗಿನ ತುಣುಕು) ಸಂಖ್ಯೆ, ಎಷ್ಟು ಸೆಕೆಂಡು, ಲಾಂಗೋ ಮಿಡ್ಡೋ ಕ್ಲೋಸಪ್ಪೋ (ದೂರದ್ದೋ ನಡುವಿನದ್ದೋ ಹತ್ತಿರದ್ದೋ), ಕ್ಯಾಮೆರಾ ನಿಂತಿದೆಯೋ ಚಲಿಸುತ್ತದೋ, ಅದರ ಎತ್ತರ, ಬೆಳಕು ಯಾವ ಕಡೆಯಿಂದ, ಸದ್ದು ಏನು. 240 ಸೆಕೆಂಡಿನ ದೃಶ್ಯದಲ್ಲಿ 12 ಶಾಟ್ ಇದ್ದರೆ ಸರಾಸರಿ 20 ಸೆಕೆಂಡು. 80 ಇದ್ದರೆ 3 ಸೆಕೆಂಡು. ಆದರೆ ಈ ಸರಾಸರಿಯನ್ನು ನಂಬಿ ಕೂರಬಾರದು. ಆ 12ರಲ್ಲಿ ಒಂದೇ ಶಾಟ್ 130 ಸೆಕೆಂಡು ಓಡಿ, ಉಳಿದ 11 ಶಾಟ್‌ಗಳು ತಲಾ 10 ಸೆಕೆಂಡಿನವು ಆಗಿದ್ದರೂ ಸರಾಸರಿ ಅದೇ 20. ಇಡೀ ದೃಶ್ಯದ ಜೀವ ಆ ಉದ್ದದ ಶಾಟ್‌ನಲ್ಲಿರುತ್ತದೆ. ಹಾಗಾಗಿ ಅತಿ ಉದ್ದದ್ದು, ಅತಿ ಚಿಕ್ಕದ್ದು ಯಾವುವೆಂದು ಬೇರೆಯಾಗಿ ಬರೆಯಬೇಕು. ಪಟ್ಟಿ ಮುಗಿದ ಮೇಲೆ ಅದೇ ದೃಶ್ಯವನ್ನು ಒಮ್ಮೆ ಸದ್ದಿಲ್ಲದೆ ನೋಡಿ, ಒಮ್ಮೆ ಪರದೆಗೆ ಬೆನ್ನು ಹಾಕಿ ಬರೇ ಕೇಳಬೇಕು.

ಚಿತ್ರದ ಯಾವ ಪ್ರತಿಯನ್ನು ನೋಡುತ್ತಾರೆ ಎಂಬುದಕ್ಕೆ ಯಾರೂ ಗಮನ ಕೊಡುವುದಿಲ್ಲ. ದೊಡ್ಡ ಎಡವಟ್ಟು ಆಗುವುದು ಅಲ್ಲೇ. ಹಳೆಯ ಕಪ್ಪು-ಬಿಳುಪು ಚಿತ್ರಗಳಲ್ಲಿ ಹಲವು 1.37:1 ಚೌಕಟ್ಟಿನವು, ಅಂದರೆ ಎತ್ತರದ 1.37 ಪಟ್ಟು ಅಗಲ. ಈಗಿನ ಟಿವಿ, ಮೊಬೈಲ್ ಪರದೆ 1.78 ಅಥವಾ ಅದಕ್ಕಿಂತ ಅಗಲ. ಪರದೆ ತುಂಬಲೆಂದು ಹಿಗ್ಗಿಸಿದ ಪ್ರತಿಯಲ್ಲಿ ಮುಖಗಳು ಶೇ 30ರಷ್ಟು ಅಗಲವಾಗುತ್ತವೆ. ಹಿಗ್ಗಿಸದೆ ಕತ್ತರಿಸಿದ್ದರೆ ಮೇಲೆ ಕೆಳಗೆ ಸೇರಿ ಶೇ 23ರಷ್ಟು ಚಿತ್ರ ಹಾರಿಹೋಗಿರುತ್ತದೆ. ‘ನಿರ್ದೇಶಕರು ತಲೆಯ ಮೇಲೆ ಜಾಗ ಬಿಡದೆ ಉಸಿರುಗಟ್ಟಿಸಿದ್ದಾರೆ’ ಎಂದು ಬರೆದದ್ದು ಅಪ್‌ಲೋಡ್ ಮಾಡಿದವನ ಕತ್ತರಿಯ ವಿಮರ್ಶೆಯಾಗಿಬಿಡುತ್ತದೆ. ಸೆಕೆಂಡಿಗೆ 24 ಫ್ರೇಮಿನ ಚಿತ್ರವನ್ನು ನಮ್ಮ ಟಿವಿಯ 25ರ ಲೆಕ್ಕದಲ್ಲಿ ಓಡಿಸಿ ಮಾಡಿದ ಪ್ರತಿಯಾದರೆ 120 ನಿಮಿಷದ ಚಿತ್ರ 115ಕ್ಕೇ ಮುಗಿಯುತ್ತದೆ, ಶ್ರುತಿಯೂ ಅರ್ಧ ಸ್ವರಕ್ಕೆ ತುಸು ಕಡಿಮೆ ಮೇಲೇರಬಹುದು. ದುಡಿಯ ವೇಗ ಎಣಿಸುವವರು ಇದನ್ನು ನೆನಪಿಡಬೇಕು. ಸವಕಲು ಪ್ರತಿಗಳಲ್ಲಿ ರಾತ್ರಿಯ ದೃಶ್ಯವೆಲ್ಲ ಮಸಿ ಬಳಿದಂತೆ ಕಾಣುತ್ತದೆ. ಆ ಕತ್ತಲೆಗೆ ಯಾವ ತತ್ವಾರ್ಥವೂ ಇಲ್ಲ. ಪ್ರತಿ ಎಲ್ಲಿಯದು, ಅವಧಿ ಎಷ್ಟು, ಚೌಕಟ್ಟು ಯಾವುದು ಎಂದು ಉತ್ತರದ ಮೊದಲ ಸಾಲಿನಲ್ಲೇ ಬರೆಸಬೇಕು.

ಮಳೆಯ ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡೆ ಮಡಚದ ಊರಿನವರಿಗೆ ಮಳೆ ಎಂದರೆ ದುಃಖ ಎಂದು ಯಾರು ಕಲಿಸಿದರೋ! ನೋಡಬೇಕಾದದ್ದು ಎರಡು. ಮಳೆ ಕಥೆಯ ನಡೆಯನ್ನು ಬದಲಿಸುತ್ತದೆಯೇ? ಗಿರೀಶ ಕಾಸರವಳ್ಳಿಯವರ ‘ದ್ವೀಪ’ದಲ್ಲಿ (2002) ಅಣೆಕಟ್ಟಿನ ನೀರು ಏರುತ್ತಿರುವಾಗ ಸುರಿಯುವ ಮಳೆ ಕಥೆಯಲ್ಲಿ ಒಂದು ಪಾತ್ರವೇ ಆಗಿಬಿಟ್ಟಿದೆ, ಸಂಕೇತ ಎಂದು ಕರೆದರೆ ಅದರ ಭಾರ ಕಡಿಮೆ ಮಾಡಿದಂತೆ. ಎರಡನೆಯದು ಬೆಳಕು. ಕ್ಯಾಮೆರಾ ಇರುವ ಕಡೆಯಿಂದಲೇ ಬೆಳಕು ಬಿದ್ದರೆ ಮಳೆ ಸರಿಯಾಗಿ ಕಾಣುವುದಿಲ್ಲ. ಹನಿ ಹೊಳೆಯಬೇಕಾದರೆ ಮಳೆಯ ಹಿಂದಿನಿಂದ ಬೆಳಕು ಬೇಕು, ಹಿನ್ನೆಲೆಯಲ್ಲಿ ಕಪ್ಪನೆಯ ಮರವೋ ಮಾಡಿನ ನೆರಳೋ ಬೇಕು. ಅಂದರೆ ಹನಿ ಹನಿಯೂ ಎದ್ದು ಕಾಣುವ ಶಾಟ್‌ನಲ್ಲಿ ಛಾಯಾಗ್ರಾಹಕರು ಮಳೆಯನ್ನು ಬೇಕೆಂದೇ ತೋರಿಸುತ್ತಿದ್ದಾರೆ. ಮಸುಕಾಗಿ ಹಿಂದೆ ಸುರಿಯುತ್ತಿದ್ದರೆ ಅದು ಹವಾಮಾನ.

ಇನ್ನು ಆಶಯ. ‘ಈ ಚಿತ್ರದ ಆಶಯ ಕೋಮು ಸಾಮರಸ್ಯ’ ಎಂದರೆ ಅದು ವಿಷಯ ಮಾತ್ರ. ಇನ್ನೊಬ್ಬರು ‘ಹಾಗಲ್ಲ’ ಎಂದು ವಾದಿಸಲು ಸಾಧ್ಯವಾಗುವ ಪೂರ್ತಿ ವಾಕ್ಯ ಆಶಯ ಅನ್ನಿಸಿಕೊಳ್ಳುತ್ತದೆ. ಕುಂದಾಪುರದ ಕಡೆಯ ಮೀನುಗಾರರ ನಡುವೆ ನಡೆಯುವ ‘ಗುಲಾಬಿ ಟಾಕೀಸ್’ (2008) ಇದಕ್ಕೆ ಒಳ್ಳೆಯ ಪಾಠ. ಸೂಲಗಿತ್ತಿ ಗುಲಾಬಿಯ ಗುಡಿಸಲಿಗೆ ಬಣ್ಣದ ಟಿವಿ, ಡಿಶ್ ಆಂಟೆನಾ ಬರುತ್ತದೆ. ಗಂಡಸರು ಕಡಲಿಗೆ ಹೋದ ಮೇಲೆ ಹೆಂಗಸರು ಬರುತ್ತಾರೆ. ‘ಟಿವಿ ಎಲ್ಲರನ್ನೂ ಒಂದು ಮಾಡಿತು’ ಎಂದು ಇಲ್ಲಿಗೇ ಬರೆದು ಮುಗಿಸುವವರು ಹೊಸ್ತಿಲನ್ನು ನೋಡಿಲ್ಲ. ಗುಲಾಬಿ ಮುಸ್ಲಿಂ ಹೆಂಗಸು. ಕೆಲವರು ಆ ಕಡೆಗೇ ಸುಳಿಯುವುದಿಲ್ಲ. ಕೆಲವರು ಹೊರಗೆ ನಿಂತೇ ಇಣುಕುತ್ತಾರೆ. ಕೆಲವರು ಒಳಗೆ ಬಂದು ಕೂರುತ್ತಾರೆ. ಯಾರು ಯಾವ ದೃಶ್ಯದಲ್ಲಿ ಎಲ್ಲಿದ್ದಾರೆ ಎಂದು ಒಂದು ನಕ್ಷೆ ಬಿಡಿಸಿ, ಕಾರ್ಗಿಲ್ ಯುದ್ಧದ ಸುದ್ದಿ ಅದೇ ಊರಿಗೆ ಬಂದ ಮೇಲೆ ಆ ನಕ್ಷೆ ಹೇಗಾಯಿತೆಂದು ನೋಡಿದರೆ ಆಶಯದ ವಾಕ್ಯ ತಾನಾಗಿ ಹೊರಡುತ್ತದೆ. ಅಂದಹಾಗೆ, ಚಿತ್ರ ನೋಡದೆ ವೈದೇಹಿಯವರ ಮೂಲ ಕಥೆ ಓದಿ ಉತ್ತರ ಬರೆದವರು ಇಲ್ಲಿ ತಕ್ಷಣ ಸಿಕ್ಕಿಬೀಳುತ್ತಾರೆ: ಕಥೆಯಲ್ಲಿ ಊರಿಗೆ ಬರುವುದು ಟಾಕೀಸು, ಟಿವಿಯಲ್ಲ.

ದೃಶ್ಯಶೈಲಿಗೂ ಇದೇ ಮಾತು. ‘ಘಟಶ್ರಾದ್ಧ’ (1977) ಹುಡುಗ ನಾಣಿಯ ಕಣ್ಣಿನಿಂದ ಕಂಡ ಕಥೆ ಎಂದು ಎಲ್ಲರೂ ಬರೆಯುತ್ತಾರೆ. ಸರಿ, ನಾಣಿ ಇಲ್ಲದ ದೃಶ್ಯಗಳೆಷ್ಟು? ಕ್ಯಾಮೆರಾ ಅವನ ಎತ್ತರಕ್ಕೆ ಇಳಿಯುವುದು ಎಲ್ಲಿ, ದೊಡ್ಡವರ ಎತ್ತರದಲ್ಲೇ ಉಳಿಯುವುದು ಎಲ್ಲಿ? ಅವನು ನೋಡುವ ಮುಖ, ಅವನಿಗೆ ಕಂಡದ್ದು, ಮತ್ತೆ ಅವನ ಮುಖ ಎಂಬ ಮೂರು ಶಾಟ್‌ಗಳ ಸರಣಿ ಎಷ್ಟು ಸಲ ಬರುತ್ತದೆ? ಎಣಿಸಿದ ಮೇಲೆ ಆ ಹಳೆಯ ವಾಕ್ಯ ಸರಿಯೆಂದೇ ಆಗಬಹುದು; ಆಗಲಿ, ಆಗ ಅದು ವಿದ್ಯಾರ್ಥಿಯ ಸ್ವಂತ ವಾಕ್ಯ.

ಉಡುಪಿ, ಮಂಗಳೂರಿನ ಭಾಷಾ ಮತ್ತು ಪತ್ರಿಕೋದ್ಯಮ ವಿಭಾಗಗಳಿಗೆ ನಮ್ಮ ಕೋರಿಕೆ ಹೀಗಿದೆ. ಇಡೀ ಚಿತ್ರವನ್ನು ಒಂದು ದಿನ ಕಿಟಕಿ ಮುಚ್ಚಿದ ಹಾಲ್‌ನಲ್ಲಿ ಒಟ್ಟಿಗೆ ತೋರಿಸಿ. ಮೊಬೈಲಿನಲ್ಲಿ ನೋಡಿಕೊಂಡು ಬನ್ನಿ ಎನ್ನಬೇಡಿ. ಪ್ರತಿಯೊಬ್ಬರಿಗೂ ಬೇರೆ ಬೇರೆ ನಾಲ್ಕು ನಿಮಿಷ ಹಂಚಿ. 100 ಅಂಕದಲ್ಲಿ 40 ಶಾಟ್ ಪಟ್ಟಿಗಿರಲಿ. ಇದನ್ನು ಅಂತರ್ಜಾಲದಿಂದ ಎತ್ತಿ ತರುವುದು ಸುಲಭವಲ್ಲ, ತಂದರೂ ಗಡಿಯಾರ ಹಿಡಿದು ಎರಡು ಶಾಟ್ ಅಳೆದರೆ ಗೊತ್ತಾಗುತ್ತದೆ. ಉಳಿದ 60 ಅಂಕ 800 ಪದಗಳ ಬರಹಕ್ಕೆ; ಅದರಲ್ಲಿ ಪ್ರತಿ ಅಭಿಪ್ರಾಯದ ಪಕ್ಕದಲ್ಲೂ ನಿಮಿಷ-ಸೆಕೆಂಡು ನಮೂದಿಸಬೇಕು. ಕಥಾಸಾರಕ್ಕೆ ಐದು ಸಾಲು ಸಾಕು, ಅಂಕ ಬೇಡ.

– ಸಿನಿಮಾ ಅಧ್ಯಯನ ಕಲಿಸುವ ಇಬ್ಬರು ಅಧ್ಯಾಪಕರು, ಉಡುಪಿ