ಪ್ರೌಢಶಾಲೆಯ ಅನುದಾನ ಜೂನ್ ತಿಂಗಳಲ್ಲೇ ಬರಲಿ

ಮಾನ್ಯ ಸಂಪಾದಕರೇ,

ಕಲ್ಯಾಣ ಕರ್ನಾಟಕದ ಶಿಕ್ಷಣದ ಮಾತು ಬಂದಾಗಲೆಲ್ಲ ಕೋಟಿಗಳ ಲೆಕ್ಕ ಕೇಳಿಬರುತ್ತದೆ. ದೇವದುರ್ಗ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯನಾಗಿ, ಅದೇ ಶಾಲೆಯಲ್ಲಿ ಒಂಬತ್ತನೇ ತರಗತಿ ಓದುತ್ತಿರುವ ಹುಡುಗಿಯ ತಂದೆಯಾಗಿ, ನಾನು ಬರೆಯಬೇಕೆಂದಿರುವುದು ಐವತ್ತು ಸಾವಿರ ರೂಪಾಯಿಯ ಲೆಕ್ಕ.

ನಮ್ಮ ಶಾಲೆಯಲ್ಲಿ 230 ಮಕ್ಕಳಿದ್ದಾರೆ. ಸಮಗ್ರ ಶಿಕ್ಷಣ ಯೋಜನೆಯ ಮಾನದಂಡದಂತೆ 101ರಿಂದ 250 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50,000 ರೂಪಾಯಿ ಶಾಲಾ ಅನುದಾನ. ಭಾಗಿಸಿ ನೋಡಿದರೆ ಒಂದು ಮಗುವಿಗೆ ಇಡೀ ವರ್ಷಕ್ಕೆ ಸುಮಾರು 217 ರೂಪಾಯಿ ಬರುತ್ತದೆ. ಸೀಮೆಸುಣ್ಣ, ಹಾಜರಿ ಪುಸ್ತಕ, ಪ್ರಯೋಗಾಲಯದ ಸಾಮಗ್ರಿ, ಕೆಟ್ಟ ನಲ್ಲಿ, ಮುರಿದ ಬೆಂಚು ಎಲ್ಲವೂ ಇದರಲ್ಲೇ ಆಗಬೇಕು. ಕನಿಷ್ಠ ಶೇ 10ರಷ್ಟನ್ನು ಸ್ವಚ್ಛತೆಗೂ ತೆಗೆದಿಡಬೇಕು. ಮೊತ್ತ ಚಿಕ್ಕದಾಯಿತೆಂಬ ದೂರು ಒಂದು ಕಡೆಗಿರಲಿ, ಅದಕ್ಕಿಂತ ದೊಡ್ಡ ತೊಂದರೆ ಅದು ಕೈಸೇರುವ ಕಾಲದ್ದು. ಕಳೆದ ವರ್ಷ ನಮ್ಮ ಶಾಲೆಗೆ ಕೊನೆಯ ಕಂತು ಬಂದದ್ದು ಫೆಬ್ರುವರಿ ಕೊನೆಯ ವಾರದಲ್ಲಿ. ಮಾರ್ಚ್ 31ರೊಳಗೆ ಖರ್ಚು ಮಾಡಿ ಬಳಕೆ ಪ್ರಮಾಣಪತ್ರ ಕೊಡಬೇಕಿತ್ತು. ಅಷ್ಟು ಬೇಗ ಬಿಲ್ಲು ಸಿಗುವ ಕೆಲಸವೆಂದರೆ ಬಣ್ಣ ಹೊಡೆಸುವುದು, ಹಾಗಾಗಿ ಕಾಂಪೌಂಡಿಗೆ ಬಣ್ಣ ಬಂತು. ಜೂನ್‌ನಿಂದ ಕೇಳುತ್ತ ಬಂದಿದ್ದ ಪ್ರಯೋಗಾಲಯದ ರಾಸಾಯನಿಕಗಳು ಬರಲೇ ಇಲ್ಲ. ನಾನೇ ಹೋಗಿ ಆ ಕಪಾಟು ತೆಗೆಸಿ ನೋಡಿದ್ದೇನೆ: ಬಾಟಲಿಗಳ ಚೀಟಿಗಳನ್ನು ಗೆದ್ದಲು ತಿಂದಿದೆ, ಯಾವುದರಲ್ಲಿ ಏನಿದೆ ಎಂದು ವಿಜ್ಞಾನದ ಶಿಕ್ಷಕಿಗೂ ತಿಳಿಯುವುದಿಲ್ಲ, ಸೂಕ್ಷ್ಮದರ್ಶಕ ಮಾತ್ರ ಬಂದಾಗಿನ ಥರ್ಮಾಕೋಲಿನಲ್ಲೇ ಕುಳಿತಿದೆ.

ಇದರಲ್ಲಿ ಮುಖ್ಯ ಶಿಕ್ಷಕರ ತಪ್ಪೇನೂ ಇಲ್ಲವೆಂದು ಸ್ಪಷ್ಟವಾಗಿ ಹೇಳಬಯಸುತ್ತೇನೆ. ಈ ಯೋಜನೆಯ ಹಣದಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ ಪಾಲು ಶೇ 40. ವಾರ್ಷಿಕ ಯೋಜನೆಗೆ ದೆಹಲಿಯಲ್ಲಿ ಒಪ್ಪಿಗೆ ಸಿಗಬೇಕು, ಹಿಂದಿನ ಕಂತಿನ ಲೆಕ್ಕ ಒಪ್ಪಿಸಿದ ಮೇಲೆ ಮುಂದಿನದು ಬರಬೇಕು, ರಾಜ್ಯ ತನ್ನ ಪಾಲು ಸೇರಿಸಬೇಕು, ಆಮೇಲೆ ಅದು ಹಂತ ಹಂತವಾಗಿ ಶಾಲೆಯ ಖಾತೆಗೆ ಇಳಿಯಬೇಕು. ಅಷ್ಟರಲ್ಲಿ ಅರ್ಧವಾರ್ಷಿಕ ಪರೀಕ್ಷೆ ಮುಗಿದಿರುತ್ತದೆ. ಅಲ್ಲಿಯವರೆಗೆ ಸೀಮೆಸುಣ್ಣ, ಪೊರಕೆಗಳಿಗೆ ಮುಖ್ಯ ಶಿಕ್ಷಕರೇ ತಮ್ಮ ಸಂಬಳದಿಂದ ಕೊಟ್ಟಿರುತ್ತಾರೆ.

ಅತಿಥಿ ಶಿಕ್ಷಕರ ವಿಷಯವೂ ಇದೇ ದಾರಿ ಹಿಡಿದಿದೆ. ನನ್ನ ಮಗಳ ಗಣಿತದ ನೋಟ್‌ಬುಕ್ಕಿನ ಮೊದಲ ಪುಟದಲ್ಲಿರುವ ದಿನಾಂಕ ಆಗಸ್ಟ್ 21. ಶಾಲೆ ತೆರೆದು ಸುಮಾರು ಎರಡೂವರೆ ತಿಂಗಳ ನಂತರ ಅತಿಥಿ ಶಿಕ್ಷಕರೊಬ್ಬರು ಬಂದರು, ಬಹಳ ಚೆನ್ನಾಗಿ ಕಲಿಸಿದರು, ನಾಲ್ಕು ತಿಂಗಳು ಗೌರವಧನ ಬಾರದೆ ಡಿಸೆಂಬರಿನಲ್ಲಿ ಬಿಟ್ಟು ಹೋದರು. ಅವರನ್ನು ದೂರುವ ಮನಸ್ಸು ಯಾರಿಗೂ ಆಗಲಿಲ್ಲ. ನಮ್ಮ ಕಡೆ ಅದೇ ಹತ್ತಿ ಬಿಡಿಸುವ ಕಾಲ, ಗುಳೆ ಹೊರಡುವ ಕಾಲ. ತರಗತಿಯಲ್ಲಿ ಪಾಠವಿಲ್ಲವೆಂದು ತಿಳಿದ ಕೂಡಲೇ ಮೂವರು ಹುಡುಗಿಯರು ತಾಯಂದಿರ ಜೊತೆ ಹೊಲಕ್ಕೆ ಹೋದರು. ಅವರಲ್ಲಿ ಒಬ್ಬಳು ಮರಳಿ ಶಾಲೆಗೆ ಬಂದಿಲ್ಲ. ಶಿಕ್ಷಣ ಹಕ್ಕು ಕಾಯ್ದೆ ಹದಿನಾಲ್ಕು ವರ್ಷದವರೆಗಷ್ಟೇ ಅನ್ವಯವಾಗುವುದರಿಂದ, ಒಂದೇ ಕಟ್ಟಡದಲ್ಲಿ ಕುಳಿತ ಎಂಟನೇ ತರಗತಿಯ ಮಗುವಿಗೆ ಇರುವ ಕಾನೂನಿನ ರಕ್ಷಣೆ ಹತ್ತನೇ ತರಗತಿಯ ಮಗುವಿಗೆ ಇಲ್ಲ.

2002ರಲ್ಲಿ, ಪ್ರಾದೇಶಿಕ ಅಸಮತೋಲನದ ಅಧ್ಯಯನ ನಡೆಸಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ನಮ್ಮ ತಾಲ್ಲೂಕನ್ನು ಅತ್ಯಂತ ಹಿಂದುಳಿದ 39 ತಾಲ್ಲೂಕುಗಳ ಪಟ್ಟಿಯಲ್ಲಿ ಸೇರಿಸಿತು. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371 (ಜೆ) ವಿಧಿ ಬಂದು ದಶಕ ಕಳೆದಿದೆ. ಆದರೂ 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ರಾಜ್ಯದ ಫಲಿತಾಂಶ ಶೇ 73.40 ಇದ್ದರೆ, ಕೊನೆಯ ಸ್ಥಾನದಲ್ಲಿದ್ದ ನೆರೆಯ ಯಾದಗಿರಿಯದು ಶೇ 50.59. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ‘ಅಕ್ಷರ ಆವಿಷ್ಕಾರ’ದ ಮೂಲಕ ಶಿಕ್ಷಣಕ್ಕೆ ಹಣ ತೆಗೆದಿಟ್ಟಿರುವುದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ, ಸೋರುವ ಕೋಣೆಯಲ್ಲಿ ಓದಿದವನಿಗೆ ಹೊಸ ಕೋಣೆಯ ಬೆಲೆ ಗೊತ್ತು. ಆದರೆ ನಮ್ಮ ಊರಿನಲ್ಲಿ ಕೋಣೆಗಳು ಎದ್ದು ನಿಂತಿವೆ, ಗಣಿತ ಕಲಿಸುವವರಿಲ್ಲ.

ಆದ್ದರಿಂದ ಶಿಕ್ಷಣ ಇಲಾಖೆಯಲ್ಲಿ ನನ್ನ ವಿನಂತಿ ಇಷ್ಟು. ಕೇಂದ್ರದ ಕಂತಿಗಾಗಿ ಕಾಯದೆ, ರಾಜ್ಯ ಸರ್ಕಾರ ಪ್ರೌಢಶಾಲೆಗಳ ಅನುದಾನದ ಅರ್ಧದಷ್ಟನ್ನಾದರೂ ಜೂನ್ ತಿಂಗಳಲ್ಲಿ ಮುಂಗಡವಾಗಿ ಕೊಟ್ಟು ಆಮೇಲೆ ಹೊಂದಾಣಿಕೆ ಮಾಡಿಕೊಳ್ಳಲಿ. ಗಣಿತ, ವಿಜ್ಞಾನ, ಇಂಗ್ಲಿಷ್ ವಿಷಯಗಳ ಖಾಲಿ ಹುದ್ದೆಗಳಿಗೆ ಅತಿಥಿ ಶಿಕ್ಷಕರ ಮಂಜೂರಾತಿಯನ್ನು ಬೇಸಿಗೆ ರಜೆಯಲ್ಲೇ ಮುಗಿಸಿ, ಅವರ ಗೌರವಧನ ತಡವಾದ ತಿಂಗಳುಗಳಲ್ಲಿ ಅದನ್ನು ಮಂಡಳಿಯ ಹಣದಿಂದ ಭರಿಸುವ ವ್ಯವಸ್ಥೆಯಾಗಲಿ. ಜೊತೆಗೆ ಪ್ರತಿ ಕಂತಿನ ಮೊತ್ತವನ್ನೂ ಅದು ಖಾತೆಗೆ ಜಮೆಯಾದ ದಿನಾಂಕವನ್ನೂ ಶಾಲೆಯ ಸೂಚನಾ ಫಲಕದಲ್ಲಿ ಬರೆಯಬೇಕೆಂದು ಆದೇಶ ಹೊರಡಿಸಲಿ. ಹಾಗಾದರೆ ಪಾಲಕರಾದ ನಾವು ಮುಖ್ಯ ಶಿಕ್ಷಕರ ಕೋಣೆಯ ಮುಂದೆ ಸುಮ್ಮನೆ ಜಗಳಕ್ಕೆ ನಿಲ್ಲುವ ಬದಲು, ಕೇಳಬೇಕಾದ ಕಚೇರಿಗೆ ಹೋಗಿ ಕೇಳುತ್ತೇವೆ.

– ಒಬ್ಬ ಪಾಲಕ, ದೇವದುರ್ಗ ತಾಲ್ಲೂಕು, ರಾಯಚೂರು ಜಿಲ್ಲೆ