ಬಾಣಂತನದ ಸೂಚನೆ ಅಜ್ಜಿಯ ಕೈಗೆ ಕನ್ನಡದಲ್ಲಿ ತಲುಪಲಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ಬಂಧುಗಳ ಮನೆಯ ಸೀಮಂತಕ್ಕೆ ಹೋಗಿದ್ದೆ. ಊಟದ ಹೊತ್ತಿಗೆ ಹಿರಿಯರೊಬ್ಬರು ಹುಡುಗಿಯ ಎಲೆಗೆ ಮೂರನೆಯ ಹೋಳಿಗೆ ಬಡಿಸುತ್ತ, "ನೀನೀಗ ಎರಡು ಜೀವದವಳು, ಇಬ್ಬರ ಪಾಲು ಉಣ್ಣಬೇಕು" ಎಂದರು. ಅದರ ಬೆನ್ನಿಗೇ "ಹೆತ್ತ ಮೇಲೆ ಮಾತ್ರ ನೀರು ಕುಡಿಯಬೇಡ, ಹೊಟ್ಟೆ ಬರುತ್ತದೆ" ಎಂದೂ ಎಚ್ಚರಿಸಿದರು. ಮೂವತ್ತೈದು ವರ್ಷಗಳ ಹಿಂದೆ ನನಗೆ ಹೇಳಿದ್ದೂ ಇವೇ ಮಾತುಗಳು. ಅವುಗಳಂತೆ ನಡೆದು ಅನುಭವಿಸಿದವಳಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಬಾಣಂತನಕ್ಕೆ ಅಮ್ಮ ಕುಂದಾಪುರದ ಕಡೆಯಿಂದ ಬಸ್ಸಿನಲ್ಲಿ ಬಂದಿದ್ದರು. ಕೊಂಕಣ ರೈಲು ಆಗಿನ್ನೂ ಓಡುತ್ತಿರಲಿಲ್ಲ. ಚಾಳಿನ ಒಂದೇ ಕೋಣೆ, ಮೂಲೆಯಲ್ಲಿ ಮೀಯುವ ಮೋರಿ, ಮೇ ತಿಂಗಳ ಮುಂಬಯಿ ಸೆಕೆ. ಕಿಟಕಿ ಮುಚ್ಚಿ, ಫ್ಯಾನು ಆರಿಸಿ, ಕಿವಿಗೆ ಹತ್ತಿ ತುರುಕಿ, ದಿನಕ್ಕೆ ಎರಡೇ ಲೋಟ ಬಿಸಿನೀರು ಕೊಡುತ್ತಿದ್ದರು. ಮಗುವಿಗೆ ಹಾಲೂಡಿಸುವಾಗ ನನ್ನ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಒಂದು ದಿನ ಎಣ್ಣೆ ಹಚ್ಚಿ ಮೀಯಿಸುತ್ತಿದ್ದ ಅಮ್ಮ ಸೀಗೆಪುಡಿ ತರಲೆಂದು ಆಚೆ ತಿರುಗಿದೊಡನೆ, ಮೀಯುವ ನೀರನ್ನೇ ಹಂಡೆಯಿಂದ ಬೊಗಸೆಯಲ್ಲಿ ಮೊಗೆದು ಗಟಗಟನೆ ಕುಡಿದೆ. ಅದರಲ್ಲಿದ್ದ ಎಣ್ಣೆಯ ರುಚಿ ಇಂದಿಗೂ ನೆನಪಿದೆ.

ಅಮ್ಮನನ್ನು ದೂರುವುದು ನನ್ನ ಉದ್ದೇಶವಲ್ಲ. ಅವರು ಮಾಡಿದ ಎಣ್ಣೆನೀರು, ಹೊತ್ತು ಹೊತ್ತಿಗೆ ಬಿಸಿ ಊಟ, ರಾತ್ರಿ ಮಗುವನ್ನು ತಾವೇ ಎತ್ತಿಕೊಂಡು ನನ್ನನ್ನು ಮಲಗಿಸಿದ್ದು, ಇಂಥ ಆರೈಕೆಯನ್ನು ಯಾವ ಆಸ್ಪತ್ರೆಯೂ ಕೊಡಲಾರದು. ಆದರೆ ಹಾಲೂಡಿಸುವ ತಾಯಿಯ ಮೈಯಿಂದ ದಿನಕ್ಕೆ ಮುಕ್ಕಾಲು ಲೀಟರಿನಷ್ಟು ಹಾಲು ಹೊರಗೆ ಹೋಗುತ್ತದೆ. ಅವಳಿಗೆ ಬಾಯಾರಿದಾಗಲೆಲ್ಲ ನೀರು ಬೇಕೇ ಬೇಕು. ಹೊಟ್ಟೆ ಜೋತುಬೀಳುವುದು ನೀರಿನಿಂದಲ್ಲ, ಒಂಬತ್ತು ತಿಂಗಳು ಹಿಗ್ಗಿದ ಸ್ನಾಯುಗಳ ಸಡಿಲದಿಂದ. ಗರ್ಭಕೋಶವು ಮೊದಲಿನ ಗಾತ್ರಕ್ಕೆ ಮರಳಲು ಸುಮಾರು ಆರು ವಾರ ಬೇಕು. ಮಂಚ ಬಿಟ್ಟಿಳಿಯಬಾರದೆಂಬ ಕಟ್ಟಳೆಯಂತೂ ಅಪಾಯಕಾರಿ, ಏಕೆಂದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಹೆಚ್ಚಾಗಿರುವುದು ಈ ಆರು ವಾರಗಳಲ್ಲೇ. ಸಿಸೇರಿಯನ್ ಆದವರನ್ನೂ ಒಂದೇ ದಿನದೊಳಗೆ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸುವುದು ಇದಕ್ಕಾಗಿಯೇ.

ಹೇಳಲು ಸಂಕೋಚವಾದರೂ ಇನ್ನೊಂದು ಸಂಗತಿಯನ್ನು ಬರೆಯಲೇಬೇಕು. ಎರಡನೆಯ ಹೆರಿಗೆಯ ನಂತರ ಕೆಮ್ಮಿದರೆ, ಸೀನಿದರೆ, ಲೋಕಲ್ ರೈಲು ತಪ್ಪೀತೆಂದು ದಾದರ್ ಸೇತುವೆಯ ಮೆಟ್ಟಿಲು ಓಡಿ ಹತ್ತಿದರೆ ನನಗೆ ಮೂತ್ರ ಹನಿಯುತ್ತಿತ್ತು. ಹದಿನೆಂಟು ವರ್ಷ ಕೈಚೀಲದಲ್ಲಿ ಮಡಿಸಿದ ಇನ್ನೊಂದು ಲಂಗ ಇಟ್ಟುಕೊಂಡೇ ಕಚೇರಿಗೆ ಹೋದೆ. ಹೆತ್ತವರಿಗೆ ಇದು ಇದ್ದದ್ದೇ ಎಂದು ನಂಬಿದ್ದೆ. ಕೊನೆಗೆ ಫಿಸಿಯೋಥೆರಪಿಸ್ಟ್ ಒಬ್ಬರು ಹೇಳಿಕೊಟ್ಟದ್ದು ಇಷ್ಟೇ: ಮೂತ್ರ ತಡೆಹಿಡಿಯುವವರಂತೆ ಒಳಗಿನ ಸ್ನಾಯುಗಳನ್ನು ಮೇಲಕ್ಕೆಳೆದು, ಕೆಲವು ಕ್ಷಣ ಹಿಡಿದು, ಸಡಿಲ ಬಿಡಬೇಕು, ದಿನಕ್ಕೆ ಮೂರು ಬಾರಿ, ಪ್ರತಿಸಲ ಎಂಟು ಹತ್ತು ಸಲ. ಮೂರು ತಿಂಗಳಲ್ಲಿ ಗುಣ ಕಂಡಿತು. ಬಸಿರಿನಲ್ಲೂ ಮಾಡಬಹುದಾದ, ಖರ್ಚಿಲ್ಲದ ಈ ಅಭ್ಯಾಸವನ್ನು ಬಾಣಂತನದಲ್ಲೇ ಯಾರಾದರೂ ತಿಳಿಸಿದ್ದರೆ ಎಂದು ಆಗಾಗ ಅನ್ನಿಸುತ್ತದೆ.

ವೈದ್ಯರು ಹೇಳುವುದಿಲ್ಲವೆಂದಲ್ಲ. ಅವರು ಹೇಳುವುದು ಮರಾಠಿ, ಹಿಂದಿಯಲ್ಲಿ, ಬರೆದುಕೊಡುವುದು ಇಂಗ್ಲಿಷಿನಲ್ಲಿ. ಮನೆಯಲ್ಲಿ ಬಾಣಂತನದ ಚುಕ್ಕಾಣಿ ಹಿಡಿಯುವವರಾದರೋ ಊರಿನಿಂದ ಬಂದ ತಾಯಿ ಅಥವಾ ಅತ್ತೆ. ಅವರು ಓದುವುದು ಕನ್ನಡ ಮಾತ್ರ. ಆಸ್ಪತ್ರೆಯ ಕಾಗದ ಕಪಾಟಿನಲ್ಲಿ ಉಳಿಯುತ್ತದೆ, ಅಡುಗೆಮನೆಯಲ್ಲಿ ಹಳೆಯ ಕಟ್ಟಳೆ ನಡೆಯುತ್ತದೆ. ಕಬ್ಬಿಣದ ಮಾತ್ರೆಯನ್ನೇ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ. 52.2ರಷ್ಟು ಮಂದಿಗೆ ರಕ್ತಹೀನತೆಯಿದೆ. ಮಾತ್ರೆಯನ್ನು ಬಸಿರಿನಲ್ಲಿ 180 ದಿನ, ಹೆರಿಗೆಯ ನಂತರವೂ 180 ದಿನ ನುಂಗಬೇಕೆಂಬುದು ಸರ್ಕಾರದ ಕ್ರಮವಾದರೂ, ನಾನು ಕಂಡ ಮನೆಗಳಲ್ಲಿ ಮಗು ಹುಟ್ಟಿದ ದಿನವೇ ಅದು ನಿಂತುಹೋಗುತ್ತದೆ. ನುಂಗುವವರೂ ಚಹಾದೊಂದಿಗೆ ನುಂಗುತ್ತಾರೆ. ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ, ಲಿಂಬೆರಸ ಹತ್ತಿಸುತ್ತದೆ. ಕ್ಯಾಲ್ಸಿಯಂ ಮಾತ್ರೆಯನ್ನು ಬೇರೆ ಹೊತ್ತಿಗೆ ತೆಗೆದುಕೊಳ್ಳಬೇಕು.

ಇಬ್ಬರ ಪಾಲಿನ ಊಟದ ವಿಚಾರವೂ ಹೀಗೆಯೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಲೆಕ್ಕದಲ್ಲಿ ಗರ್ಭಿಣಿಗೆ ದಿನಕ್ಕೆ ಎಂದಿನ ಊಟಕ್ಕಿಂತ ಹೆಚ್ಚಾಗಿ ಬೇಕಾದದ್ದು 350 ಕ್ಯಾಲೊರಿ. ಹಾಲೂಡಿಸುವ ಮೊದಲ ಆರು ತಿಂಗಳಲ್ಲಿ 600. ಅಂದರೆ ಹಸಿವು ನಿಜವಾಗಿ ಹೆಚ್ಚುವುದು ಹೆರಿಗೆಯ ಬಳಿಕ, ನಾವು ಸಾರು ಅನ್ನದ ಪಥ್ಯ ಹಾಕುವಾಗ. ಬಸಿರಿನಲ್ಲಿ ಸಕ್ಕರೆ ಕಾಣಿಸಿಕೊಂಡವಳಿಗೆ ಅಂಟಿನುಂಡೆಯಲ್ಲಿ ಹಿಡಿತ ಬೇಕು. ಹೆತ್ತ ಆರು ವಾರಕ್ಕೆ ಮತ್ತೆ ರಕ್ತ ಪರೀಕ್ಷೆಯೂ ಆಗಬೇಕು, ಏಕೆಂದರೆ ಆ ಸಕ್ಕರೆ ಮುಂದೆ ಕಾಯಂ ಆಗುವ ಸಂಭವ ಹೆಚ್ಚು.

ಕೆಲವು ಮಾತು ಸೀಮಂತಕ್ಕೂ ಮೊದಲೇ ತಲುಪಬೇಕು. ಮಗುವಿನ ಮಿದುಳು, ಬೆನ್ನುಹುರಿ ರೂಪುಗೊಳ್ಳುವ ನಾಳ ಗರ್ಭ ಕಟ್ಟಿದ ಸುಮಾರು 28 ದಿನಗಳಲ್ಲೇ ಮುಚ್ಚಿಕೊಳ್ಳುತ್ತದೆ. ಬಹಳ ಸಲ ತಾಯಿಗೆ ಆಗಿನ್ನೂ ಸುದ್ದಿಯೇ ಗೊತ್ತಿರುವುದಿಲ್ಲ. ಆದ್ದರಿಂದ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಮಾತ್ರೆ ಮಗು ಬೇಕೆಂದು ನಿರ್ಧರಿಸಿದಾಗಲೇ ಶುರುವಾಗಬೇಕು. ಇನ್ನು ನಡಿಗೆ: ತೊಡಕಿಲ್ಲದ ಗರ್ಭಿಣಿಗೂ ಬಾಣಂತಿಗೂ ವಾರಕ್ಕೆ 150 ನಿಮಿಷ ಹದವಾದ ಚಟುವಟಿಕೆ ಇರಲೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ರಕ್ತಸ್ರಾವ, ಏರಿದ ರಕ್ತದೊತ್ತಡ ಇದ್ದವರು ವೈದ್ಯರನ್ನು ಕೇಳಿಯೇ ನಡೆಯಬೇಕು. ಬೆಳಿಗ್ಗೆ 8.20ರ ಲೋಕಲಿನಲ್ಲಿ ನೇತಾಡುವುದು ವ್ಯಾಯಾಮದ ಲೆಕ್ಕಕ್ಕೆ ಬಾರದು. ಲೋಕಲಿನ ದಿವ್ಯಾಂಗರ ಬೋಗಿಯಲ್ಲಿ ಗರ್ಭಿಣಿಯರಿಗೂ ಅವಕಾಶವಿದೆ ಎಂಬುದು ಎಷ್ಟೋ ಹುಡುಗಿಯರಿಗೆ ತಿಳಿದಿಲ್ಲ. ಎರಡು ವಾರ ಕಳೆದರೂ ಬಾಣಂತಿಯ ಅಳು, ಬೇಸರ ನಿಲ್ಲದಿದ್ದರೆ ದೃಷ್ಟಿ ತೆಗೆದು ಸುಮ್ಮನಾಗದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಮುಂಬಯಿಯ ಕನ್ನಡ ಸಂಘಗಳು, ಮಹಿಳಾ ಮಂಡಲಗಳು ಹಳದಿ ಕುಂಕುಮಕ್ಕೆ ಸ್ಟೀಲ್ ಡಬ್ಬಿಗಳನ್ನು ಹಂಚುತ್ತವೆ. ಅದರೊಳಗೆ, ಸ್ತ್ರೀರೋಗ ತಜ್ಞರು ನೋಡಿ ಒಪ್ಪಿದ ಒಂದು ಪುಟದ ಕನ್ನಡ ಕಾಗದವನ್ನೂ ಇಡಬಾರದೇ? ಅಜ್ಜಿಯಂದಿರ ಕಣ್ಣಿಗೆ ಕಾಣುವಂತೆ ಅಕ್ಷರ ದೊಡ್ಡದಿರಲಿ. ತಮ್ಮ ಪತ್ರಿಕೆಯೂ ಅದನ್ನು ಅಚ್ಚುಮಾಡಿದರೆ ಕತ್ತರಿಸಿ ಗೋಡೆಗೆ ಅಂಟಿಸಿಕೊಳ್ಳುವವರು ಇದ್ದೇ ಇದ್ದಾರೆ.

ಸೀಮಂತವಾದ ಹುಡುಗಿಯ ತಾಯಿ ಮುಂದಿನ ತಿಂಗಳು ಮತ್ಸ್ಯಗಂಧ ರೈಲಿನಲ್ಲಿ ಬರುತ್ತಾರಂತೆ. ಅವರಿಗೆಂದು ಸದ್ಯಕ್ಕೆ ನಾನೇ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಮೊದಲ ಸಾಲು ನೀರಿನದು.

ಇಂತು ತಮ್ಮ ಪತ್ರಿಕೆಯ ಓದುಗರಲ್ಲೊಬ್ಬಳು,
ಡೊಂಬಿವಲಿ ಪೂರ್ವ