ಪಾಲುದಾರ ವಿಮಾನದಲ್ಲಿ ಕಾರ್ಡ್ ನಡೆಯಬೇಕಾದರೆ

ಮಾನ್ಯರೇ,

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಿಂದ ದುಬೈ, ದೋಹಾಕ್ಕೆ ದುಡಿಯಲು ಹೋಗುವವರು, ಅಮೆರಿಕ, ಜರ್ಮನಿಯಲ್ಲಿರುವ ಮಕ್ಕಳ ಮನೆಗೆ ಹೋಗಿಬರುವ ಹಿರಿಯರು ಅನೇಕರು. ಅವರ ಕೈಯಲ್ಲಿ ಯಾವುದಾದರೊಂದು ವಿಮಾನ ಕಂಪನಿಯ ಸದಸ್ಯತ್ವ ಕಾರ್ಡ್ ಇದ್ದೇ ಇರುತ್ತದೆ. ಆ ಕಾರ್ಡ್ ಅದರ ಜೊತೆ ಒಪ್ಪಂದವಿರುವ ಬೇರೆ (ಪಾಲುದಾರ) ಕಂಪನಿಯ ವಿಮಾನದಲ್ಲಿ ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂಬುದು ಗೊತ್ತಾಗುವುದು ಮಾತ್ರ ಕೌಂಟರ್ ಮುಂದೆ ನಿಂತ ಮೇಲೆ. ಅಷ್ಟರಲ್ಲಿ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಟಿಕೆಟ್ ಮಾಡಿಸುವ ಹೊತ್ತಿನಲ್ಲೇ ನೋಡಬೇಕಾದ ಕೆಲವು ಸಂಗತಿಗಳನ್ನು ನಿಮ್ಮ ಓದುಗರ ಮುಂದಿಡುತ್ತಿದ್ದೇವೆ.

ಮೊದಲನೆಯದು, ವಿಮಾನವನ್ನು ನಿಜವಾಗಿ ಹಾರಿಸುವವರು ಯಾರು ಎಂಬುದು. ಟಿಕೆಟಿನಲ್ಲಿ ಏರ್ ಇಂಡಿಯಾ ನಂಬರ್ ಇದ್ದರೂ ಹತ್ತುವುದು ಲುಫ್ತಾನ್ಸಾ ವಿಮಾನ ಆಗಿರಬಹುದು. ಇದಕ್ಕೆ ಕೋಡ್‌ಶೇರ್ ಎನ್ನುತ್ತಾರೆ. ಲೌಂಜ್ (ನಿಲ್ದಾಣದ ವಿಶ್ರಾಂತಿ ಕೊಠಡಿ), ಹೆಚ್ಚುವರಿ ಲಗೇಜು, ಬೇಗ ಚೆಕ್‌-ಇನ್ ಇವೆಲ್ಲ ಸಿಗುವುದು ಹಾರಿಸುವ ಕಂಪನಿಯ ಲೆಕ್ಕದಲ್ಲಿ. ಏರ್ ಇಂಡಿಯಾ 2014ರ ಜುಲೈ 11ರಂದು ಸ್ಟಾರ್ ಅಲಯನ್ಸ್ ಎಂಬ, ಒಬ್ಬರ ಸದಸ್ಯರಿಗೆ ಇನ್ನೊಬ್ಬರು ಸವಲತ್ತು ಕೊಡುವ ವಿಮಾನ ಕಂಪನಿಗಳ ಕೂಟ ಸೇರಿತು. ಲುಫ್ತಾನ್ಸಾ, ಸಿಂಗಪುರ, ಥಾಯ್, ಟರ್ಕಿಶ್, ಯುನೈಟೆಡ್, ಏರ್ ಕೆನಡಾ ಅದೇ ಕೂಟದವು. ಕತಾರ್ ಏರ್‌ವೇಸ್ ಒನ್‌ವರ್ಲ್ಡ್ ಕೂಟದ್ದು, ಸೌದಿಯಾ ಸ್ಕೈಟೀಮಿನದ್ದು. ಎಮಿರೇಟ್ಸ್, ಎತಿಹಾದ್, ಗಲ್ಫ್ ಏರ್ ಯಾವ ಕೂಟದಲ್ಲೂ ಇಲ್ಲ. ಅವು ಒಂದೊಂದು ಕಂಪನಿಯ ಜೊತೆ ಬಿಡಿಬಿಡಿಯಾಗಿ ಒಪ್ಪಂದ ಮಾಡಿಕೊಂಡಿವೆ. ಅಂಥ ಒಪ್ಪಂದದಲ್ಲಿ ಹಾರಾಟಕ್ಕೆ ಸಿಗುವ ಪಾಯಿಂಟ್ ಬಂದರೂ ಗೋಲ್ಡ್ ಎಂಬ ಮೇಲ್ದರ್ಜೆಯ ಕಾರ್ಡಿನ ಸವಲತ್ತು ಬರುತ್ತದೆಂಬ ಖಾತರಿ ಇಲ್ಲ.

ನಮ್ಮ ಊರಿನವರು ಎಡವುವುದು ಇಲ್ಲೇ. ಮಂಗಳೂರಿನ ಬಜ್ಪೆ ನಿಲ್ದಾಣದಿಂದ ಹೊರಡುವ ಹೆಚ್ಚಿನ ವಿಮಾನಗಳು ಏರ್ ಇಂಡಿಯಾ ಎಕ್ಸ್‌ಪ್ರೆಸ್ ಮತ್ತು ಇಂಡಿಗೊ ಕಂಪನಿಗಳವು. ಏರ್ ಇಂಡಿಯಾ ಎಕ್ಸ್‌ಪ್ರೆಸ್ ಏರ್ ಇಂಡಿಯಾದ್ದೇ ಅಂಗಸಂಸ್ಥೆ, ಆದರೆ ಸ್ಟಾರ್ ಅಲಯನ್ಸ್ ಸದಸ್ಯ ಅಲ್ಲ. ಇಂಡಿಗೊ ಕೂಡ ಅಲ್ಲ. ಹಾಗಾಗಿ ಸ್ಟಾರ್ ಗೋಲ್ಡ್ (ಸ್ಟಾರ್ ಅಲಯನ್ಸ್ ಕೂಟದ ಗೋಲ್ಡ್ ದರ್ಜೆ) ಹೆಸರಿನ 20 ಕಿಲೊ ಹೆಚ್ಚುವರಿ ಲಗೇಜನ್ನು ಬಜ್ಪೆಯ ಕೌಂಟರಿನಲ್ಲಿ ಹಕ್ಕಿನಿಂದ ಕೇಳಲು ಬರುವುದಿಲ್ಲ. ಅದೇ ಕಾರ್ಡ್ ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಹಾರುವ ಲುಫ್ತಾನ್ಸಾದಲ್ಲಿ ಪೂರ್ತಿ ನಡೆಯುತ್ತದೆ. ಇಂಡಿಗೊ ಹಾರಿಸುವ ವಿಮಾನಕ್ಕೆ ಕತಾರ್ ನಂಬರ್ ಇದ್ದರೂ ಒನ್‌ವರ್ಲ್ಡ್ ಕೂಟದ ಸವಲತ್ತು ಆ ವಿಮಾನಕ್ಕೆ ಅಂಟಿಕೊಂಡು ಬರುವುದಿಲ್ಲ.

ಲಗೇಜಿನ ಲೆಕ್ಕ ಇನ್ನೂ ಬಿಗಿ. ಅಮೆರಿಕದ ಟಿಕೆಟಿಗೆ 23 ಕಿಲೊದ ಎರಡು ಪೆಟ್ಟಿಗೆ ಇದೆ ಎಂದಿಟ್ಟುಕೊಳ್ಳಿ. ಬಜ್ಪೆಯಿಂದ ಮುಂಬೈಗೆ ಮಾತ್ರ ಬೇರೆ ಟಿಕೆಟ್ ಮಾಡಿಸಿದರೆ ಆ ದೇಶೀಯ ಟಿಕೆಟಿಗೆ ಸಾಮಾನ್ಯವಾಗಿ ಸಿಗುವುದು 15 ಕಿಲೊ. ಉಳಿದ 31 ಕಿಲೊಗೆ ಬಜ್ಪೆಯಲ್ಲೇ ದುಡ್ಡು ಕಟ್ಟಬೇಕು. ಕುಚ್ಚಲಕ್ಕಿ, ಹಲಸಿನ ಹಪ್ಪಳ, ಉಪ್ಪಿನಕಾಯಿ ಕಟ್ಟಿಕೊಟ್ಟ ಅಮ್ಮಂದಿರಿಗೆ ಈ ಲೆಕ್ಕ ಯಾರೂ ಹೇಳಿರುವುದಿಲ್ಲ. ಕೌಂಟರ್ ಪಕ್ಕದಲ್ಲಿ ಪೆಟ್ಟಿಗೆಯ ಹಗ್ಗ ಬಿಚ್ಚಿ ಅಕ್ಕಿಯ ಚೀಲ ಹೊರಗಿಡುವುದನ್ನು ನೋಡುವುದಕ್ಕೆ ನಿಜಕ್ಕೂ ಸಂಕಟವಾಗುತ್ತದೆ. ಬಜ್ಪೆಯಿಂದ ಕೊನೆಯ ಊರಿನ ತನಕ ಒಂದೇ ಟಿಕೆಟ್ ಸಿಕ್ಕಿದರೆ ಇಡೀ ಪ್ರಯಾಣಕ್ಕೆ ಒಂದೇ ಲಗೇಜು ನಿಯಮ ಹಿಡಿಯುವ ಸಾಧ್ಯತೆ ಹೆಚ್ಚು. ಟಿಕೆಟಿನಲ್ಲಿ ಪ್ರತಿ ಹಾರಾಟದ ಎದುರು ಬರೆದಿರುವ ಲಗೇಜನ್ನು ಓದಿ ನೋಡಿ. ಒಂದೇ ಟಿಕೆಟ್ ಸಿಗದಿದ್ದರೆ ಕುಂದಾಪುರ, ಉಡುಪಿಯವರು ಸಾಮಾನು ಸಮೇತ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಅಲ್ಲಿಂದ ಹತ್ತುವುದೇ ಅಗ್ಗ. ಗೋಲ್ಡ್ ಕಾರ್ಡಿನ ಹೆಚ್ಚುವರಿ ಲಗೇಜು ಕಾರ್ಡ್ ಇರುವವರಿಗೆ ಮಾತ್ರ. ತೂಕದ ಲೆಕ್ಕ ಇರುವ ಮಾರ್ಗದಲ್ಲಿ 20 ಕಿಲೊ, ಪೆಟ್ಟಿಗೆ ಲೆಕ್ಕದ ಮಾರ್ಗದಲ್ಲಿ ಇನ್ನೊಂದು ಪೆಟ್ಟಿಗೆ. ಅದನ್ನು ಮನೆಯವರ ಟಿಕೆಟಿಗೆ ಹಂಚಲು ಬರುವುದಿಲ್ಲ. ಯಾವುದೇ ಒಂದು ಪೆಟ್ಟಿಗೆ 32 ಕಿಲೊ ದಾಟಿದರೆ ಕಾರ್ಡ್ ಯಾವುದೇ ಇರಲಿ, ಲಗೇಜಾಗಿ ತೆಗೆದುಕೊಳ್ಳುವುದಿಲ್ಲ.

ಲೌಂಜಿನೊಳಗೆ ಸ್ಟಾರ್ ಗೋಲ್ಡ್ ಸದಸ್ಯರ ಜೊತೆ ಒಬ್ಬರೇ ಅತಿಥಿ. ಆ ಅತಿಥಿಯೂ ಅಲ್ಲಿಂದ ಕೂಟದ ವಿಮಾನದಲ್ಲೇ ಹೊರಡುವವರಾಗಿರಬೇಕು. ನಾಲ್ಕು ಮಂದಿಯ ಕುಟುಂಬಕ್ಕೆ ಇದು ಸಾಲದು, ಮೊದಲೇ ತಿಳಿದಿರುವುದು ಒಳ್ಳೆಯದು. ಸಿಲ್ವರ್ ಕಾರ್ಡಿಗೆ ಕೂಟದ ಬೇರೆ ಕಂಪನಿಗಳಲ್ಲಿ ಲೌಂಜ್ ಇಲ್ಲ. ಏರ್ ಇಂಡಿಯಾದ ಸದಸ್ಯತ್ವ ಯೋಜನೆಯಾದ ಮಹಾರಾಜ ಕ್ಲಬ್‌ನಲ್ಲಿ ಗೋಲ್ಡ್ ಮತ್ತು ಪ್ಲಾಟಿನಂ ಎರಡೂ ಸ್ಟಾರ್ ಗೋಲ್ಡ್‌ಗೆ ಸಮ. 2024ರ ನವೆಂಬರ್ 12ರಂದು ವಿಸ್ತಾರ ಏರ್ ಇಂಡಿಯಾದಲ್ಲಿ ವಿಲೀನವಾಯಿತು. ಹಳೆಯ ವಿಸ್ತಾರ ಕಾರ್ಡನ್ನೇ ಇನ್ನೂ ಪರ್ಸಿನಲ್ಲಿ ಇಟ್ಟುಕೊಂಡವರು ಹೊಸ ಸದಸ್ಯ ಸಂಖ್ಯೆಯನ್ನೂ ಅವಧಿ ಮುಗಿಯುವ ದಿನವನ್ನೂ ನೋಡಿಕೊಳ್ಳಲಿ. ಟಿಕೆಟ್ ಮಾಡಿಸಿದ ದಿನ ಗೋಲ್ಡ್ ಇದ್ದರೆ ಸಾಲದು, ಹಾರುವ ದಿನವೂ ಇರಬೇಕು.

ಇನ್ನು ಪಾಯಿಂಟ್. ಒಂದು ಹಾರಾಟದ ಪಾಯಿಂಟ್ ಒಂದೇ ಖಾತೆಗೆ ಹೋಗುತ್ತದೆ. ಎಷ್ಟು ಬರುತ್ತದೆ ಎಂಬುದನ್ನು ನಿರ್ಧರಿಸುವುದು ಟಿಕೆಟಿನ ದರ್ಜೆಯನ್ನು ಹೇಳುವ, ಅದರಲ್ಲೇ ಬರೆದಿರುವ ಒಂದು ಇಂಗ್ಲಿಷ್ ಅಕ್ಷರ. ಎಕಾನಮಿ ಎಂಬ ಒಂದೇ ಮಾತಿನ ಕೆಳಗೆ ಹತ್ತಕ್ಕೂ ಹೆಚ್ಚು ಅಕ್ಷರಗಳಿರುತ್ತವೆ. ಮುಂಬೈಯಿಂದ ಫ್ರಾಂಕ್‌ಫರ್ಟ್‌ಗೆ ಸುಮಾರು 4,000 ಮೈಲಿ. ದೂರದ ಮೇಲೆ ಲೆಕ್ಕ ಹಾಕುವ ಸದಸ್ಯತ್ವ ಯೋಜನೆಯಲ್ಲಿ ನಿಮ್ಮ ಅಕ್ಷರಕ್ಕೆ ನೂರು ಶೇಕಡಾ ಇದ್ದರೆ 4,000, ಇಪ್ಪತ್ತೈದು ಶೇಕಡಾ ಇದ್ದರೆ 1,000, ಪಟ್ಟಿಯಲ್ಲೇ ಇಲ್ಲದಿದ್ದರೆ ಸೊನ್ನೆ. ಅದೇ ಅಕ್ಷರಕ್ಕೆ ಒಂದು ಕಂಪನಿಯ ಖಾತೆಯಲ್ಲಿ ಸೊನ್ನೆ, ಇನ್ನೊಂದರಲ್ಲಿ ಅರ್ಧ ಬರುವುದೂ ಇದೆ. ಆದ್ದರಿಂದ ಅಕ್ಷರ ಗೊತ್ತಾದ ಮೇಲೆ, ನಿಮ್ಮ ಯೋಜನೆಯ ವೆಬ್‌ಸೈಟಿನಲ್ಲಿ ಆ ಪಾಲುದಾರ ಕಂಪನಿಯ ಹೆಸರಿನ ಪುಟ ತೆರೆದು ನೋಡಿ, ಆಮೇಲೆ ಯಾವ ಸದಸ್ಯ ಸಂಖ್ಯೆ ಹಾಕುವುದೆಂದು ತೀರ್ಮಾನಿಸಿ. ಪಾಯಿಂಟ್ ಕೊಟ್ಟು ಪಡೆದ ಟಿಕೆಟಿಗೆ ಮತ್ತೆ ಪಾಯಿಂಟ್ ಬರುವುದಿಲ್ಲ. ಆದರೆ ಕಾರ್ಡಿನ ಸವಲತ್ತು ಅಂಥ ಟಿಕೆಟಿಗೂ ಉಂಟು. ಸದಸ್ಯ ಸಂಖ್ಯೆಯನ್ನು ಬುಕಿಂಗಿನಲ್ಲಿ ಸೇರಿಸಿರಬೇಕು, ಅಷ್ಟೇ. ಬೋರ್ಡಿಂಗ್ ಪಾಸ್ ಕೈಗೆ ಬಂದ ಕೂಡಲೇ ಅದರಲ್ಲಿ ಸಂಖ್ಯೆಯೂ ಗೋಲ್ಡ್ ಗುರುತೂ ಅಚ್ಚಾಗಿದೆಯೇ ನೋಡಿ. ಇಲ್ಲದಿದ್ದರೆ ಅಲ್ಲೇ ಸರಿಪಡಿಸಿ ಕೊಡಲು ಕೇಳಬಹುದು.

ಹೆಸರಿನ ತೊಡಕು ನಮ್ಮಲ್ಲಿ ಜಾಸ್ತಿ. ನಮ್ಮವರ ಪಾಸ್‌ಪೋರ್ಟಿನಲ್ಲಿ ಕೆಲವೊಮ್ಮೆ ಸರ್‌ನೇಮ್ ಜಾಗ ಖಾಲಿ, ಕೆಲವೊಮ್ಮೆ ಅಲ್ಲಿ ತಂದೆಯ ಹೆಸರು, ಕೆಲವೊಮ್ಮೆ ಮನೆತನದ ಹೆಸರು. ಸದಸ್ಯತ್ವ ಖಾತೆಯಲ್ಲಿ ಇನಿಶಿಯಲ್ ಮಾತ್ರ ಬರೆದು ಟಿಕೆಟಿನಲ್ಲಿ ಪೂರ್ತಿ ಹೆಸರು ಬಂದರೆ ಕಂಪ್ಯೂಟರ್ ಎರಡನ್ನೂ ಒಬ್ಬರೇ ಎಂದು ಒಪ್ಪುವುದಿಲ್ಲ, ಪಾಯಿಂಟ್ ನಿಲ್ಲುತ್ತದೆ. ಒಂದೇ ಹೆಸರಿನವರಿಗೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ‘ಮೊದಲ ಹೆಸರು ಗೊತ್ತಿಲ್ಲ’ ಎಂಬರ್ಥದ ಎಫ್‌ಎನ್‌ಯು ಎಂದು ಬರುತ್ತದೆ. ಟಿಕೆಟಿನಲ್ಲಿ ಹೇಗೆ ಬರೆಸಿದ್ದೀರೋ ಖಾತೆಯಲ್ಲೂ ಹಾಗೇ ಇರುವಂತೆ ಪ್ರಯಾಣಕ್ಕೆ ಮೊದಲೇ ತಿದ್ದಿಸಿಕೊಳ್ಳಿ. ತಿದ್ದಲು ಪಾಸ್‌ಪೋರ್ಟ್ ಪ್ರತಿ ಕೇಳುತ್ತಾರೆ, ದಿನಗಳೂ ಹಿಡಿಯುತ್ತವೆ.

ಪಾಯಿಂಟ್ ಕೊಟ್ಟು ಪಾಲುದಾರ ಕಂಪನಿಯ ಸೀಟು ಪಡೆಯುವವರು ಒಂದು ಕೆಲಸ ತಪ್ಪದೆ ಮಾಡಬೇಕು. ನಮ್ಮ ಕಣ್ಣಿಗೆ ಬೀಳುವ ತಾಪತ್ರಯಗಳಲ್ಲಿ ದೊಡ್ಡದು ಇದರಿಂದಲೇ ಹುಟ್ಟುತ್ತದೆ. ಬುಕಿಂಗ್ ಖಚಿತ ಎಂದು ಸಂದೇಶ ಬಂದ ಮಾತ್ರಕ್ಕೆ ಟಿಕೆಟ್ ಆಯಿತು ಎಂದಲ್ಲ. ಅದರಲ್ಲಿ 13 ಅಂಕಿಯ ಇ-ಟಿಕೆಟ್ ಸಂಖ್ಯೆ ಇರಬೇಕು. ಮೊದಲ ಮೂರು ಅಂಕಿ ಟಿಕೆಟ್ ಕೊಟ್ಟ ಕಂಪನಿಯದು: ಏರ್ ಇಂಡಿಯಾ 098, ಲುಫ್ತಾನ್ಸಾ 220, ಸಿಂಗಪುರ 618, ಕತಾರ್ 157. ಅದು ಇಲ್ಲದಿದ್ದರೆ ಸೀಟು ಹಿಡಿದಿಟ್ಟಿದ್ದಾರೆ, ಟಿಕೆಟ್ ಕೊಟ್ಟಿಲ್ಲ. ಆಮೇಲೆ ಹಾರಿಸುವ ಕಂಪನಿಯದೇ ಪಿಎನ್‌ಆರ್ ಕೇಳಿ ಪಡೆಯಿರಿ, ನೀವು ಬುಕ್ ಮಾಡಿದ ಕಂಪನಿಯದಕ್ಕಿಂತ ಅದು ಬೇರೆ ಇರಬಹುದು. ಅದನ್ನು ಆ ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ, ನಿಮ್ಮ ಹೆಸರು, ದಿನ, ಸೀಟು ಕಾಣುತ್ತದೆಯೇ ನೋಡಿ. ತಿಂಗಳಿಗೊಮ್ಮೆ ಮತ್ತೆ ನೋಡಿ. ವೇಳಾಪಟ್ಟಿ ಬದಲಾದಾಗ ಹಾರಿಸುವ ಕಂಪನಿ ಹೊಸ ಸಮಯ ಹಾಕುತ್ತದೆ. ಟಿಕೆಟ್ ಕೊಟ್ಟ ಕಂಪನಿ ಅದಕ್ಕೆ ತಕ್ಕಂತೆ ಹೊಸ ಟಿಕೆಟ್ ಬರೆಯದಿದ್ದರೆ ಬುಕಿಂಗೂ ಟಿಕೆಟೂ ಹೊಂದುವುದಿಲ್ಲ. ಚೆಕ್‌-ಇನ್ ಕೌಂಟರಿನವರು ಆಗ ಎಷ್ಟು ಒಳ್ಳೆಯವರಾದರೂ ಬೋರ್ಡಿಂಗ್ ಪಾಸ್ ತೆಗೆಯಲಾರರು. ಸರಿಪಡಿಸಬೇಕಾದವರು ಪಾಯಿಂಟ್ ತೆಗೆದುಕೊಂಡ ಕಂಪನಿಯವರು, ಅವರಿಗೇ ಫೋನ್ ಮಾಡಿ. ಕ್ರೆಡಿಟ್ ಕಾರ್ಡಿನ ಪಾಯಿಂಟನ್ನು ವಿಮಾನ ಕಂಪನಿಗೆ ವರ್ಗಾಯಿಸಿದ ಮೇಲೆ ವಾಪಸ್ ತರಲು ಆಗುವುದಿಲ್ಲ. ಆದ್ದರಿಂದ ಸೀಟು ಇದೆ ಎಂದು ಕಣ್ಣಾರೆ ನೋಡಿದ ಮೇಲೆಯೇ ವರ್ಗಾಯಿಸಿ.

ಊರಿನ ಟ್ರಾವೆಲ್ ಏಜೆನ್ಸಿಗಳಲ್ಲಿ ನಮ್ಮ ವಿನಂತಿ ಒಂದಿದೆ. ಗ್ರಾಹಕರಿಗೆ ಕೊಡುವ ಟಿಕೆಟ್ ಪ್ರತಿಯಲ್ಲಿ ಎಷ್ಟೋ ಸಲ ದರ್ಜೆಯ ಅಕ್ಷರವೂ ಹಾರಿಸುವ ಕಂಪನಿಯ ಹೆಸರೂ ಬಿಟ್ಟುಹೋಗಿರುತ್ತದೆ, ಸದಸ್ಯ ಸಂಖ್ಯೆಯನ್ನು ಯಾರೂ ಕೇಳಿರುವುದಿಲ್ಲ. ಈ ಮೂರನ್ನೂ 13 ಅಂಕಿಯ ಟಿಕೆಟ್ ಸಂಖ್ಯೆಯ ಜೊತೆ ಒಂದೇ ಹಾಳೆಯಲ್ಲಿ ಕೊಡುವುದಕ್ಕೆ ಎರಡು ನಿಮಿಷ ಸಾಕು. ಇಂಗ್ಲಿಷ್ ಓದಲು ಕಷ್ಟಪಡುವ ಹಿರಿಯರಿಗೆ ಅದನ್ನು ಕನ್ನಡದಲ್ಲಿ ಬರೆದುಕೊಟ್ಟರೆ ಇನ್ನೂ ಉಪಕಾರ.

ಪ್ರಯಾಣ ಮುಗಿದ ಮೇಲೆ ಬೋರ್ಡಿಂಗ್ ಪಾಸ್ ಎಸೆಯಬೇಡಿ. ಪಾಯಿಂಟ್ ಬಾರದಿದ್ದರೆ ಬಿಟ್ಟುಹೋದ ಪಾಯಿಂಟಿಗೆ ಅರ್ಜಿ ಹಾಕಲು ಅದೂ ಟಿಕೆಟ್ ಸಂಖ್ಯೆಯೂ ಬೇಕು. ಅರ್ಜಿಗೆ ಗಡುವು ಇದೆ, ಕೆಲವು ಯೋಜನೆಗಳಲ್ಲಿ ಆರೇ ತಿಂಗಳು. ಇಳಿದ ದಿನವೇ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ, ಆ ಕಾಗದದ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ.

ಇಂತಿ,
ವಿಮಾನ ಟಿಕೆಟ್ ಕೆಲಸದಲ್ಲಿರುವ ಕೆಲವರು
ಹಂಪನಕಟ್ಟೆ, ಮಂಗಳೂರು